ಹಗುರ ಗಿನಿ, ಭಾರ ಗಿನಿ

ಇಂಗ್ಲೆಂಡಿನ ಟಂಕಸಾಲೆಯವರು ಏಳುನೂರು ವರ್ಷಕ್ಕೂ ಹಿಂದಿನಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ. ಹೊಸ ನಾಣ್ಯ ಅಚ್ಚಾಗಿ ಹೊರಬಿದ್ದಾಗ ಆರಿಸದೆ, ನೋಡದೆ, ಕೈಗೆ ಸಿಕ್ಕಿದ ಒಂದನ್ನು ಎತ್ತಿ ಒಂದು ಪೆಟ್ಟಿಗೆಗೆ ಹಾಕುತ್ತಾರೆ. ಪೆಟ್ಟಿಗೆಗೆ ಬೀಗ. ಹಿಂದೆ ಕೆಲವೊಮ್ಮೆ ವರ್ಷಗಟ್ಟಲೆ ಕಳೆದ ಮೇಲೆ, ಈಗ ವರ್ಷಕ್ಕೊಮ್ಮೆ, ಲಂಡನ್ನಿನ ಅಕ್ಕಸಾಲಿಗರ ಸಂಘದವರು ಪ್ರಮಾಣವಚನ ಸ್ವೀಕರಿಸಿ ಕೂತು ಅದನ್ನು ತೆರೆಯುತ್ತಾರೆ. ನಾಣ್ಯಗಳನ್ನು ಎಣಿಸುತ್ತಾರೆ, ತೂಗುತ್ತಾರೆ, ಕರಗಿಸಿ ಒರೆಗೆ ಹಚ್ಚುತ್ತಾರೆ. ಆಮೇಲೆ ತೀರ್ಪು. ಇದರ ಹೆಸರು ಟ್ರಯಲ್ ಆಫ್ ದಿ ಪಿಕ್ಸ್. ಪಿಕ್ಸ್ ಎಂದರೆ ಆ ಪೆಟ್ಟಿಗೆ. 1282ರಲ್ಲಿ ಒಂದನೇ ಎಡ್ವರ್ಡ್ ದೊರೆ ಈ ಪರೀಕ್ಷೆಗೆ ಆಜ್ಞೆ ಹೊರಡಿಸಿದ ದಾಖಲೆಯಿದೆ. ಪೆಟ್ಟಿಗೆ ಇಡುತ್ತಿದ್ದ ಕಲ್ಲುಕಮಾನಿನ ಕೋಣೆ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಇವತ್ತಿಗೂ ಆ ಹೆಸರಿನಲ್ಲೇ ಇದೆ.

ಇದು ಬರೀ ವೈಭವದ ಆಚರಣೆಯಾಗಿರಲಿಲ್ಲ. 1124ರಲ್ಲಿ, ಈ ಪದ್ಧತಿ ಗಟ್ಟಿಯಾಗುವ ಮೊದಲು, ಒಂದನೇ ಹೆನ್ರಿಯ ಆಳ್ವಿಕೆಯಲ್ಲಿ ಕೆಟ್ಟ ನಾಣ್ಯ ಹೊಡೆದರೆಂದು ದೇಶದ ಟಂಕಕಾರರನ್ನು ವಿಂಚೆಸ್ಟರಿಗೆ ಕರೆಸಿ ಬಲಗೈ ಕತ್ತರಿಸಿದ್ದರು. ಪೆಟ್ಟಿಗೆಯ ಪರೀಕ್ಷೆ ಬಂದದ್ದರಿಂದ ಸಂಶಯದ ಜಾಗಕ್ಕೆ ಲೆಕ್ಕ ಬಂತು. ಅದನ್ನು ನಾನು ಸಣ್ಣ ಸಂಗತಿ ಎಂದು ಎಣಿಸುವುದಿಲ್ಲ.

ನಾನು ಉಡುಪಿ ಜಿಲ್ಲೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನ ಚಿನ್ನದ ಕೆಲಸದ್ದು. ಅಜ್ಜನ ತಕ್ಕಡಿ, ಗುಲಗಂಜಿ ತುಂಬಿದ ಹಿತ್ತಾಳೆಯ ಕರಡಿಗೆ ಈಗಲೂ ಮನೆಯಲ್ಲಿವೆ. ಗುಲಗಂಜಿಯನ್ನು ಗಿಡದಿಂದ ಕಿತ್ತು ಹಾಗೇ ತೂಕಕ್ಕೆ ಇಡುವಂತಿಲ್ಲ. ಒಂದು ಕಾಳು ದಪ್ಪ, ಒಂದು ಸೊರಗಿದ್ದು. ಅಜ್ಜ ಅವನ್ನು ಒಂದಕ್ಕೊಂದು ತೂಗಿ ನೋಡಿ, ಒಪ್ಪುವವನ್ನು ಮಾತ್ರ ಕರಡಿಗೆಗೆ ಸೇರಿಸುತ್ತಿದ್ದರು, ಉಳಿದವು ಮಕ್ಕಳಿಗೆ ಆಟಕ್ಕೆ. ಪದವಿಯ ಮೊದಲ ವರ್ಷದಲ್ಲಿ ಪ್ರಸರಣ ಮಾನಗಳ ಪಾಠಕ್ಕೆ ಬಂದಾಗ ವ್ಯಾಪ್ತಿ, ಚತುರ್ಥಕ ವಿಚಲನೆ, ಸರಾಸರಿ ವಿಚಲನೆ, ಮಾನಕ ವಿಚಲನೆ ಎಂದು ನಾಲ್ಕು ಸೂತ್ರ ಕಪ್ಪು ಹಲಗೆಯ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿ ಮಾಡುತ್ತಾರೆ. ಆದರೆ ಸರಾಸರಿ ಗೊತ್ತಾದ ಮೇಲೆ ಇದೆಲ್ಲ ಏಕೆ ಎಂಬ ಪ್ರಶ್ನೆ ಅವರ ಮುಖದಲ್ಲಿ ಉಳಿದೇ ಇರುತ್ತದೆ. ಅದಕ್ಕೆ ನನಗೆ ಸಿಕ್ಕಿದ ಅತ್ಯುತ್ತಮ ಉತ್ತರ ಈ ಪೆಟ್ಟಿಗೆಯ ಚರಿತ್ರೆ. ಸರಾಸರಿಯನ್ನು ಮಾತ್ರ ಕಾಯ್ದು ಚದುರುವಿಕೆಯನ್ನು ಕಾಯದಿದ್ದರೆ ಕೊನೆಗೆ ಸರಾಸರಿಯೂ ಕೈಬಿಡುತ್ತದೆ ಎಂಬುದನ್ನು ಒಂದು ದೇಶ ತನ್ನ ಚಿನ್ನ ತೆತ್ತು ಕಲಿತ ಕಥೆ ಇದು.

ಮೊದಲು ಪದ್ಧತಿಯ ಒಳಗಿನ ಲೆಕ್ಕ ನೋಡಬೇಕು. ಯಾವ ಟಂಕಕಾರನೂ ಎರಡು ನಾಣ್ಯವನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಹೊಡೆಯಲಾರ ಎಂಬುದು ಮಧ್ಯಯುಗದ ಆ ಜನಕ್ಕೆ ಗೊತ್ತಿತ್ತು. ಅದಕ್ಕೇ ಟಂಕಸಾಲೆಯ ಯಜಮಾನನ ಕರಾರಿನಲ್ಲಿ ಇಷ್ಟು ಹೆಚ್ಚುಕಡಿಮೆಗೆ ಮಾಫಿ ಎಂದು ಬರೆಯುತ್ತಿದ್ದರು. ಗಿನಿ ಎಂಬ ಚಿನ್ನದ ನಾಣ್ಯಗಳ ಕಾಲಕ್ಕೆ ಆ ಮಾಫಿ ಒಂದು ಟ್ರಾಯ್ ಪೌಂಡಿಗೆ 40 ಗ್ರೇನ್. ಒಂದು ಪೌಂಡಿಗೆ 5,760 ಗ್ರೇನ್. ಅಷ್ಟರಲ್ಲಿ ನಲವತ್ತನಾಲ್ಕೂವರೆ ಗಿನಿ ಹೊಡೆಯಬೇಕು. ಅಂದರೆ ಒಂದು ಗಿನಿಗೆ ಸುಮಾರು 129.4 ಗ್ರೇನ್, ನಮ್ಮ ಲೆಕ್ಕದಲ್ಲಿ ಎಂಟೂ ಕಾಲು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಹದಿನೈದು ಪೌಂಡ್ ಚಿನ್ನದ ನಾಣ್ಯಕ್ಕೆ ಒಂದರಂತೆ ಪೆಟ್ಟಿಗೆಗೆ ಬೀಳುತ್ತಿತ್ತು. ಪರೀಕ್ಷೆಯ ದಿನ ಪೆಟ್ಟಿಗೆಯ ನಾಣ್ಯವನ್ನೆಲ್ಲ ಒಟ್ಟಾಗಿ ತೂಗಿ, ಇರಬೇಕಾದ ತೂಕಕ್ಕೂ ಇರುವ ತೂಕಕ್ಕೂ ಅಂತರ ಮಾಫಿಯೊಳಗಿದ್ದರೆ ಯಜಮಾನ ಪಾರು.

ಯಾದೃಚ್ಛಿಕ ಮಾದರಿ, ಮಾನದಂಡ, ಸಹಿಸಬಹುದಾದ ತಪ್ಪಿನ ಮಿತಿ, ಮೂರನೆಯವರಿಂದ ತೀರ್ಪು. ಇವತ್ತಿನ ಕಾರ್ಖಾನೆಯ ಗುಣಮಟ್ಟ ವಿಭಾಗ ಮಾಡುವುದೆಲ್ಲ ಇದರಲ್ಲಿದೆ. ಸಂಖ್ಯಾಶಾಸ್ತ್ರದ ಇತಿಹಾಸಕಾರ ಸ್ಟೀಫನ್ ಸ್ಟಿಗ್ಲರ್ 1977ರಲ್ಲಿ ಈ ಪದ್ಧತಿಯ ಬಗ್ಗೆ ಬರೆದ ಪ್ರಬಂಧದಿಂದಲೇ ನಮ್ಮಂಥ ಮೇಷ್ಟರುಗಳ ಕಣ್ಣು ಇತ್ತ ತಿರುಗಿದ್ದು. ಅವರು ತೋರಿಸಿದ ದೋಷ ಇಷ್ಟು ಒಳ್ಳೆಯ ವ್ಯವಸ್ಥೆಯ ಹೃದಯದಲ್ಲೇ ಇದೆ: ಮಾಫಿ ಪೌಂಡಿಗೆ ಇಷ್ಟು ಎಂದು ನಿಗದಿಯಾಗಿತ್ತು. ಒಂದು ಪೌಂಡಿಗೆ 40 ಗ್ರೇನ್ ಆದರೆ ನೂರು ಪೌಂಡಿಗೆ 4,000 ಗ್ರೇನ್. ಕೇಳಲು ನ್ಯಾಯವಾಗಿದೆ. ಆದರೆ ತಪ್ಪುಗಳು ಹಾಗೆ ಕೂಡುವುದಿಲ್ಲ.

ಲೆಕ್ಕಕ್ಕಾಗಿ ಒಂದೊಂದು ಗಿನಿಯ ತೂಕವೂ ಸುಮಾರು ಒಂದು ಗ್ರೇನಿನಷ್ಟು ಆಚೀಚೆ ಆಗುತ್ತದೆ ಎಂದು ಇಟ್ಟುಕೊಳ್ಳಿ, ಅಂದರೆ ಮಾನಕ ವಿಚಲನೆ ಒಂದು ಗ್ರೇನ್. ಒಂದು ನಾಣ್ಯದ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲದಿದ್ದರೆ ಭಾರದ್ದು ಹಗುರದ್ದನ್ನು ಸರಿದೂಗಿಸುತ್ತ ಹೋಗುತ್ತದೆ. ಒಟ್ಟು ತೂಕದ ಏರುಪೇರು ನಾಣ್ಯಗಳ ಸಂಖ್ಯೆಯಷ್ಟು ಬೆಳೆಯುವುದಿಲ್ಲ, ಅದರ ವರ್ಗಮೂಲದಷ್ಟೇ ಬೆಳೆಯುತ್ತದೆ. ಒಂದು ಪೌಂಡಿನ ನಲವತ್ತನಾಲ್ಕೂವರೆ ಗಿನಿಗೆ ಸಹಜ ಏರುಪೇರು 6.7 ಗ್ರೇನ್, ಮಾಫಿ 40. ನೂರು ಪೌಂಡಿಗೆ, ಅಂದರೆ 4,450 ಗಿನಿಗೆ, ಸಹಜ ಏರುಪೇರು 67 ಗ್ರೇನ್ ಕೂಡ ದಾಟುವುದಿಲ್ಲ, ಮಾಫಿ 4,000. ಬಾಗಿಲು ಎಷ್ಟು ಅಗಲ ತೆರೆದಿತ್ತು ನೋಡಿ. ಈ ರಹಸ್ಯ ತಿಳಿದ ಯಜಮಾನನೊಬ್ಬ ಪ್ರತಿ ಗಿನಿಯನ್ನೂ ಬೇಕೆಂದೇ 0.85 ಗ್ರೇನ್ ಹಗುರ ಮಾಡಿದ್ದರೂ ಪೆಟ್ಟಿಗೆಯಲ್ಲಿ ಕೊರತೆ 3,780 ಗ್ರೇನಿನ ಆಸುಪಾಸಿನಲ್ಲಿರುತ್ತಿತ್ತು. ತೀರ್ಪು: ನಿರ್ದೋಷಿ. ಪೆಟ್ಟಿಗೆಯಲ್ಲಿ 4,450 ನಾಣ್ಯ ಇದೆಯೆಂದರೆ ಹೊರಗೆ ಅಂಥವು ಸುಮಾರು 29 ಲಕ್ಷ 70 ಸಾವಿರ ಚಲಾವಣೆಯಲ್ಲಿವೆ. ಅಷ್ಟರಿಂದಲೂ 0.85 ಗ್ರೇನ್ ಉಳಿಸಿಕೊಂಡರೆ 438 ಪೌಂಡ್ ನಾಣ್ಯಚಿನ್ನ, ನಮ್ಮ ಲೆಕ್ಕದಲ್ಲಿ ಸುಮಾರು 164 ಕಿಲೋ.

ಯಾವ ಯಜಮಾನನಾದರೂ ಹೀಗೆ ಮಾಡಿದನೆಂಬ ಆರೋಪ ನನ್ನದಲ್ಲ. ಐಸಾಕ್ ನ್ಯೂಟನ್ ಸ್ವತಃ ಈ ಕುರ್ಚಿಯಲ್ಲಿ ಕೂತವನು. 1696ರಲ್ಲಿ ಟಂಕಸಾಲೆಯ ವಾರ್ಡನ್ ಆಗಿ ಬಂದು, 1699ರ ಕೊನೆಗೆ ಯಜಮಾನನಾಗಿ, 1727ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದ. 1710ರ ಪರೀಕ್ಷೆಯಲ್ಲಿ ಅವನ ಚಿನ್ನ ಕಳಪೆ ಎಂದು ತೀರ್ಪುಗಾರರು ಹೇಳಿದಾಗ ಅವನು ಸುಮ್ಮನಿರಲಿಲ್ಲ. ಹೋಲಿಕೆಗೆ ಬಳಸಿದ 1707ರ ಮಾದರಿ ತಗಡೇ ಬೇಕಾದ್ದಕ್ಕಿಂತ ಹೆಚ್ಚು ಶುದ್ಧ ಎಂದು ತೋರಿಸಿಕೊಟ್ಟ. ಹಳೆಯ 1688ರ ತಗಡು ಮತ್ತೆ ಬಳಕೆಗೆ ಬಂತು. ಒರೆಗಲ್ಲನ್ನೇ ಒರೆಗೆ ಹಚ್ಚಿದ ಆ ಜಗಳ ನನಗೆ ಬಹಳ ಇಷ್ಟ. ಆದರೆ ನನ್ನ ಕಥೆಗೆ ಬೇಕಾದ ನ್ಯೂಟನ್ ಅದಲ್ಲ. ತೂಕದ ಏರುಪೇರನ್ನು ಇಳಿಸಲು ಹಟ ಹಿಡಿದ ನ್ಯೂಟನ್.

ಅವನು ಬರೆದಿಟ್ಟ ಟಿಪ್ಪಣಿಗಳ ಪ್ರಕಾರ, ಅವನು ಬರುವ ಮೊದಲು ಗಿನಿಗಳು ಒಂದೇ ಸಮ ಇರಲಿಲ್ಲ. ಕೆಲವು ಭಾರ, ಕೆಲವು ಹಗುರ. ಒಟ್ಟು ತೂಗಿದರೆ ಸರಿ. ಪೆಟ್ಟಿಗೆಯ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ತೂಗುವುದು ರಾಶಿಯನ್ನು. ಆದರೆ ಪೇಟೆಯಲ್ಲಿ ಕೂತ ಚಿನಿವಾರ ರಾಶಿಯನ್ನು ತೂಗುವುದಿಲ್ಲ. ಅವನು ಒಂದೊಂದೇ ಗಿನಿಯನ್ನು ತಕ್ಕಡಿಗಿಟ್ಟು ಭಾರದ್ದನ್ನು ಬದಿಗೆ ಸರಿಸುತ್ತಾನೆ. ಹೀಗೆ ಕೂಡಿಟ್ಟ ಭಾರದ ಗಿನಿಗಳನ್ನು ಕರಗಿಸಿ, ಗಟ್ಟಿ ಮಾಡಿ, ಮತ್ತೆ ಟಂಕಸಾಲೆಗೇ ತಂದು ನಾಣ್ಯ ಹೊಡೆಸುತ್ತಾನೆ. 1666ರ ಕಾಯ್ದೆಯಿಂದಾಗಿ ಇಂಗ್ಲೆಂಡಿನಲ್ಲಿ ನಾಣ್ಯ ಹೊಡೆಸುವುದಕ್ಕೆ ಕೂಲಿಯೇ ಇರಲಿಲ್ಲ, ಖರ್ಚು ಸರ್ಕಾರದ್ದು. ನೂರು ಭಾರದ ಗಿನಿ ಕೊಟ್ಟವನಿಗೆ ನೂರೊಂದು ಬಂದರೆ ಆ ಒಂದು ಸಂಪೂರ್ಣ ಲಾಭ. ಹೀಗೆ ಮರಳಿ ಮರಳಿ ಟಂಕಸಾಲೆಯ ಬಾಗಿಲಿಗೆ ಬರುತ್ತಿದ್ದ ಭಾರದ ನಾಣ್ಯಗಳಿಗೆ ‘ಕಮ್ ಅಗೇನ್ ಗಿನಿ’ ಎಂದೇ ಅಡ್ಡಹೆಸರು ಬಿದ್ದಿತ್ತೆಂದು ನ್ಯೂಟನ್ ಬರೆಯುತ್ತಾನೆ.

ಇದರ ಪರಿಣಾಮ ಏನು? ಭಾರದ್ದೆಲ್ಲ ಕುಲುಮೆಗೆ ಹೋಗಿ ಹಗುರದ್ದು ಮಾತ್ರ ಜನರ ಕೈಯಲ್ಲಿ ಉಳಿಯಿತು. ಟಂಕಸಾಲೆಯಿಂದ ಹೊರಟಾಗ ಸರಿಯಾಗಿದ್ದ ಸರಾಸರಿ ಪೇಟೆಯಲ್ಲಿ ಕುಸಿಯಿತು. ಯಜಮಾನ ಕದಿಯಲಿಲ್ಲ, ತೀರ್ಪುಗಾರರು ತಪ್ಪಲಿಲ್ಲ, ಒಟ್ಟು ತೂಕದಲ್ಲಿ ಗುಲಗಂಜಿಯಷ್ಟೂ ಮೋಸವಿರಲಿಲ್ಲ. ಚದುರುವಿಕೆಯೊಂದೇ ದೇಶದ ನಾಣ್ಯವನ್ನು ತಿಂದಿತು. ಈ ರೋಗಕ್ಕೆ ನ್ಯೂಟನ್ ಹುಡುಕಿದ ಮದ್ದು ಪ್ರತಿ ನಾಣ್ಯದ ತೂಕವನ್ನೂ ನಡುಮಟ್ಟಕ್ಕೆ ಹತ್ತಿರ ತರುವುದು. ಏರುಪೇರು ಸಣ್ಣದಾದಷ್ಟೂ ಆರಿಸಿ ಕರಗಿಸುವವನ ಲಾಭ ಇದ್ದಿಲು ಖರ್ಚಿಗೂ ಸಾಲದು. ಗುರುತ್ವಾಕರ್ಷಣೆಯ ನ್ಯೂಟನ್ನನ್ನು ಎಲ್ಲರೂ ಕೊಂಡಾಡುತ್ತಾರೆ. ಗಿನಿಗಳನ್ನು ಸಮ ಮಾಡಿಸಿದ ನ್ಯೂಟನ್ನನಿಗೂ ಅಷ್ಟೇ ಗೌರವ ಸಲ್ಲಬೇಕೆಂದು ನಾನು ಮನಸಾರೆ ನಂಬಿದ್ದೇನೆ.

ವರ್ಗಮೂಲದ ನಿಯಮ ಮಾತ್ರ ಅವನ ಕಾಲಕ್ಕೆ ಬರಲಿಲ್ಲ. ಅದನ್ನು ಕಂಡವನು ಅದೇ ಲಂಡನ್ನಿನಲ್ಲಿದ್ದ ಅವನ ಗೆಳೆಯ ಅಬ್ರಹಾಂ ಡಿ ಮೊಯಿವ್ರೆ. ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಮೇಲೆ ದಬ್ಬಾಳಿಕೆಯಾದಾಗ ಓಡಿ ಬಂದವನು. ರಾಯಲ್ ಸೊಸೈಟಿಯ ಸದಸ್ಯನಾದರೂ ಒಂದು ಪ್ರಾಧ್ಯಾಪಕ ಹುದ್ದೆ ಸಿಗಲಿಲ್ಲ. ಮನೆಪಾಠ ಹೇಳಿ, ಕಾಫಿ ಅಂಗಡಿಯಲ್ಲಿ ಜೂಜಿನ ಲೆಕ್ಕ ಬಿಡಿಸಿಕೊಟ್ಟು ಬದುಕಿದ. ಮುಪ್ಪಿನಲ್ಲಿ ನ್ಯೂಟನ್ ಗಣಿತ ಕೇಳಲು ಬಂದವರನ್ನು ಇವನ ಬಳಿಗೆ ಕಳಿಸುತ್ತಿದ್ದನೆಂದು ಹೇಳುತ್ತಾರೆ. 1733ರ ನವೆಂಬರ್ 12ರ ತಾರೀಕು ಹಾಕಿ ಲ್ಯಾಟಿನ್ ಭಾಷೆಯಲ್ಲಿ ಕೆಲವೇ ಪುಟದ ಒಂದು ಹೊತ್ತಗೆ ಅಚ್ಚು ಹಾಕಿಸಿ ಸ್ನೇಹಿತರಿಗೆ ಹಂಚಿದ. ನಾಣ್ಯವನ್ನು ಅನೇಕ ಬಾರಿ ಚಿಮ್ಮಿದರೆ ಬೀಳುವ ರಾಜಮುಖಗಳ ಸಂಖ್ಯೆ ಅರ್ಧದಿಂದ ಎಷ್ಟು ದೂರ ಸರಿಯಬಹುದು ಎಂಬುದು ಅದರ ವಿಷಯ. ಆ ದೂರ ಚಿಮ್ಮಿದ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ ಎಂದು ಅವನು ತೋರಿಸಿದ. ಗಂಟೆಯಾಕಾರದ ವಕ್ರರೇಖೆ ಮೊದಲು ಕಂಡದ್ದೂ ಅಲ್ಲಿಯೇ. ನ್ಯೂಟನ್ ಸತ್ತು ಆರು ವರ್ಷವಾಗಿತ್ತು. ಪಿಕ್ಸ್ ಪೆಟ್ಟಿಗೆಗೆ ಬೇಕಾಗಿದ್ದ ನಿಯಮ ಅದೇ ಊರಿನಲ್ಲಿ ಹುಟ್ಟಿತು. ಆದರೂ ಮಾಫಿ ಪೌಂಡಿಗೆ ಇಷ್ಟು ಎಂದೇ ತಲೆಮಾರುಗಳ ಕಾಲ ಮುಂದುವರಿಯಿತು. 1870ರ ನಾಣ್ಯ ಕಾಯ್ದೆ ಸಾವರಿನ್ ಎಂಬ ಚಿನ್ನದ ನಾಣ್ಯ ಒಂದೊಂದಕ್ಕೂ ಪ್ರತ್ಯೇಕವಾಗಿ 0.2 ಗ್ರೇನ್ ಮಾತ್ರ ಮಾಫಿ ಎಂದು ಬರೆಯಿತು. ಗಿನಿಯ ಕಾಲದಲ್ಲಿ ಒಂದೊಂದು ನಾಣ್ಯದ ಪಾಲಿಗೆ ಬರುತ್ತಿದ್ದುದು 0.9.

ಸಾವರಿನ್ ನಮಗೆ ಪರಕೀಯವಲ್ಲ. ಕರಾವಳಿಯಲ್ಲಿ ಈಗಲೂ ಚಿನ್ನದ ಲೆಕ್ಕ ಪವನಿನಲ್ಲಿ. ಮದುವೆ ಮಾತುಕತೆಯಲ್ಲಿ, ಅಡವಿನ ಚೀಟಿಯಲ್ಲಿ, ಅಂಗಡಿಯ ಜಾಹೀರಾತಿನಲ್ಲಿ ಎಂಟು ಗ್ರಾಮಿಗೆ ಒಂದು ಪವನು. ಆ ಎಂಟು ಬಂದದ್ದು ಬ್ರಿಟಿಷ್ ಸಾವರಿನ್ನಿನಿಂದ, ಅದರ ಶಾಸನಬದ್ಧ ತೂಕ 7.988 ಗ್ರಾಂ. 1918ರಲ್ಲಿ ಮುಂಬಯಿಯಲ್ಲಿಯೇ ಲಂಡನ್ ಟಂಕಸಾಲೆಯ ಶಾಖೆ ತೆರೆದು ಸಾವರಿನ್ ಹೊಡೆದರು. ಗುರುತಿಗೆ ಇಂಗ್ಲಿಷಿನ ಐ ಅಕ್ಷರ. ರಾಣಿಯ ತಲೆ, ರಾಜನ ತಲೆ ಇರುವ ಪವನುಗಳಿಗೆ ಕೊಂಡಿ ಹಾಕಿ ಸರ ಮಾಡಿದವರಲ್ಲಿ ನಮ್ಮಜ್ಜನೂ ಒಬ್ಬರು. ಸವೆದ ಪವನನ್ನು ಅವರು ಬೆರಳಿನಲ್ಲಿ ಉಜ್ಜಿಯೇ ಹೇಳುತ್ತಿದ್ದರು, ಆಮೇಲೆ ತಕ್ಕಡಿ ಒಪ್ಪಿಕೊಳ್ಳುತ್ತಿತ್ತು.

ಇದೇ ಸವೆತವನ್ನು ಅಳೆದವನು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ ಹೆಸರು. ಅದಕ್ಕೂ ಮೊದಲು ಅವನು ಆಸ್ಟ್ರೇಲಿಯದ ಸಿಡ್ನಿ ಟಂಕಸಾಲೆಯಲ್ಲಿ ಐದು ವರ್ಷ ಚಿನ್ನ ಒರೆಹಚ್ಚುವ ಕೆಲಸ ಮಾಡಿದ್ದ. ತಕ್ಕಡಿಯ ಮುಂದೆ ಕೂತು ಪಳಗಿದ ಕೈ. 1868ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಮ್ಯಾಂಚೆಸ್ಟರಿನಲ್ಲಿ ಚಲಾವಣೆಯಲ್ಲಿದ್ದ 274 ಸಾವರಿನ್ನುಗಳನ್ನು ಒಂದೊಂದಾಗಿ ತೂಗಿ, ಅಚ್ಚಾದ ವರ್ಷದ ಪ್ರಕಾರ ದಶಕ ದಶಕವಾಗಿ ವಿಂಗಡಿಸಿದ. ಹತ್ತು ವರ್ಷದೊಳಗಿನ 123 ನಾಣ್ಯಗಳ ಸರಾಸರಿ 7.9725 ಗ್ರಾಂ. ಎರಡನೆಯ ದಶಕದ್ದು 7.9503. ಮೂರನೆಯದು 7.9276. ಅತ್ಯಂತ ಹಳೆಯ ಗುಂಪಿನ 24 ನಾಣ್ಯಗಳದ್ದು 7.8730. ಇಳಿತ ನಿರೀಕ್ಷಿಸಿದ್ದೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಕಾಲಂ. ಇವತ್ತಿನ ಅಳತೆಯಲ್ಲಿ ಹೇಳಿದರೆ ಹೊಸ ನಾಣ್ಯಗಳ ಮಾನಕ ವಿಚಲನೆ 0.014 ಗ್ರಾಂ, ಹಳೆಯವುಗಳದ್ದು 0.054. ಹೆಚ್ಚುಕಡಿಮೆ ನಾಲ್ಕು ಪಟ್ಟು. ಹೊಸದರಲ್ಲಿ ಎಲ್ಲ ಸಾವರಿನ್ನೂ ಒಂದೇ ಅಚ್ಚಿನ ಮಕ್ಕಳು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಒಂದು ಬ್ಯಾಂಕಿನ ತಿಜೋರಿಯಲ್ಲಿ ಮಲಗಿದ್ದು ಎದ್ದಿದೆ, ಇನ್ನೊಂದು ಕೂಲಿಯ ಜೇಬಿನಿಂದ ಅಂಗಡಿಯ ಗಲ್ಲಾಪೆಟ್ಟಿಗೆಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ಅಲೆದಿದೆ. ಸರಾಸರಿ ಹೇಳುವುದು ಎಷ್ಟು ಸವೆಯಿತು ಎಂದಷ್ಟೇ. ಯಾರ ಬದುಕು ಎಷ್ಟು ಬೇರೆಯಾಯಿತು ಎಂದು ಹೇಳುವುದು ವಿಚಲನೆ.

ಜೆವನ್ಸನ ಕೈಯಲ್ಲಿ ಮಾನಕ ವಿಚಲನೆ ಎಂಬ ಹೆಸರು ಇರಲಿಲ್ಲ. ಅವನು ಪ್ರತಿ ಗುಂಪಿನ ಅತಿ ಭಾರದ, ಅತಿ ಹಗುರದ ನಾಣ್ಯಗಳನ್ನು ಕೊಟ್ಟ, ನಾವು ಹೇಳುವ ವ್ಯಾಪ್ತಿ. ಅದರ ದೌರ್ಬಲ್ಯ ಅಜ್ಜನಿಗೂ ಗೊತ್ತಿದ್ದುದೇ: ನೂರು ಗುಲಗಂಜಿಯಲ್ಲಿ ಒಂದು ಹುಳುಕಾದರೆ ವ್ಯಾಪ್ತಿ ಹುಚ್ಚೇರುತ್ತದೆ, ಉಳಿದ ತೊಂಬತ್ತೊಂಬತ್ತರ ಸುದ್ದಿ ಅದರಲ್ಲಿಲ್ಲ. ಎಲ್ಲ ನಾಣ್ಯಗಳ ಮಾತನ್ನೂ ಕೇಳಬೇಕೆಂದರೆ ಪ್ರತಿಯೊಂದೂ ಸರಾಸರಿಯಿಂದ ಎಷ್ಟು ದೂರ ಎಂದು ನೋಡಬೇಕು. 127, 129, 131 ಗ್ರೇನಿನ ಮೂರು ಗಿನಿ ತೆಗೆದುಕೊಂಡರೆ ದೂರಗಳು ಕಳೆ ಎರಡು, ಸೊನ್ನೆ, ಕೂಡು ಎರಡು. ಕೂಡಿಸಿದರೆ ಸೊನ್ನೆ, ಯಾವ ರಾಶಿಗೂ ಸೊನ್ನೆಯೇ. ಪಿಕ್ಸ್ ಪರೀಕ್ಷೆ ಕುರುಡಾದದ್ದೂ ಇಲ್ಲಿಯೇ. ಚಿಹ್ನೆ ಕಿತ್ತುಹಾಕಿ ಸರಾಸರಿ ತೆಗೆದರೆ 1.33, ಅದು ಸರಾಸರಿ ವಿಚಲನೆ. ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲಕ್ಕೆ ಇಳಿದರೆ 1.63, ಅದು ಮಾನಕ ವಿಚಲನೆ.

ಮೊದಲನೆಯದು ಸುಲಭವಿರುವಾಗ ವರ್ಗದ ಗೋಜು ಏಕೆ ಎಂದು ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ. ಜರ್ಮನಿಯ ಗಣಿತಜ್ಞ ಗೌಸ್ 1816ರಲ್ಲಿ ಉತ್ತರ ಕೊಟ್ಟಿದ್ದಾನೆ. ತಪ್ಪುಗಳು ಗಂಟೆಯಾಕಾರದ ರೇಖೆಯನ್ನು ಅನುಸರಿಸಿದರೆ, ವರ್ಗಗಳಿಂದ 100 ವೀಕ್ಷಣೆಯಲ್ಲಿ ಸಿಗುವ ನಿಖರತೆಗೆ ಚಿಹ್ನೆ ಕಿತ್ತ ದೂರಗಳಿಂದ 114 ವೀಕ್ಷಣೆ ಬೇಕು. ದೂರಗಳ ಮಧ್ಯಾಂಕವನ್ನೇ ನಂಬಿದರೆ 249. ರಾತ್ರಿಯೆಲ್ಲ ದೂರದರ್ಶಕಕ್ಕೆ ಕಣ್ಣಿಟ್ಟು ಒಂದೊಂದು ವೀಕ್ಷಣೆಯನ್ನೂ ಕೂಡಿಸುತ್ತಿದ್ದ ಖಗೋಳಜ್ಞರಿಗೆ ಈ ಹದಿನಾಲ್ಕರ ಬೆಲೆ ಗೊತ್ತಿತ್ತು.

ಮಾನಕ ವಿಚಲನೆಗೆ ಆ ಹೆಸರು ಬಂದದ್ದು 1893ರ ಜನವರಿ 31ರಂದು, ಲಂಡನ್ನಿನ ಗ್ರೆಶಾಮ್ ಕಾಲೇಜಿನಲ್ಲಿ. ಕಾರ್ಲ್ ಪಿಯರ್ಸನ್ ಅಲ್ಲಿ ಸಾರ್ವಜನಿಕರಿಗೆ ಉಪನ್ಯಾಸ ಕೊಡುತ್ತಿದ್ದ. ಹತ್ತು ಸಾವಿರ ಪೆನ್ನಿ ನಾಣ್ಯಗಳನ್ನು ನೆಲಕ್ಕೆ ಚೆಲ್ಲಿ, ರಾಜಮುಖ ಎಷ್ಟು, ಹಿಮ್ಮುಖ ಎಷ್ಟು ಎಂದು ಕೇಳುಗರಿಂದಲೇ ಎಣಿಕೆ ಮಾಡಿಸಿದ ಮೇಷ್ಟ್ರು ಅವನು. ‘ಸ್ಟ್ಯಾಂಡರ್ಡ್ ಡೀವಿಯೇಶನ್’ ಎಂಬ ಹೆಸರನ್ನು ಅವನು ಆ ದಿನ ಬಳಸಿದ. ಕಾಲೇಜು ಕಟ್ಟಲು ಆಸ್ತಿ ಬಿಟ್ಟುಹೋದ ಥಾಮಸ್ ಗ್ರೆಶಾಮ್ ಹದಿನಾರನೇ ಶತಮಾನದ ವರ್ತಕ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆ ಎಂಬ ನಿಯಮಕ್ಕೆ ಅವನದೇ ಹೆಸರು. ಪಿಕ್ಸ್ ಪರೀಕ್ಷೆ ಆಗಲೇ ಸ್ಥಳಾಂತರಗೊಂಡಿದ್ದ ಅಕ್ಕಸಾಲಿಗರ ಸಭಾಂಗಣ ಗೋಲ್ಡ್‌ಸ್ಮಿತ್ಸ್ ಹಾಲ್ ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಆಮೇಲಿನದು ಬೇಗ ಹೇಳಿ ಮುಗಿಸಬಹುದು: 1896ರಲ್ಲಿ ಪಿಯರ್ಸನ್ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ವಿಚಲನಾ ಗುಣಾಂಕ ಕೊಟ್ಟ, 1918ರಲ್ಲಿ ಸಂಖ್ಯಾಶಾಸ್ತ್ರಜ್ಞ ಫಿಶರ್ ವರ್ಗಮೂಲಕ್ಕೆ ಮೊದಲಿನ ಹಂತಕ್ಕೆ ವೇರಿಯನ್ಸ್ ಎಂದು ಹೆಸರಿಟ್ಟ.

ನನ್ನ ತರಗತಿಯಲ್ಲಿ ಪಿಯರ್ಸನ್ನನ ಅಳತೆಯನ್ನು ಜೆವನ್ಸನ ಪವನುಗಳಿಗೆ ಹಿಡಿಯುತ್ತೇವೆ. ಕಾನೂನಿನ ಪ್ರಕಾರ ಸಾವರಿನ್ 7.9379 ಗ್ರಾಮಿಗಿಂತ ಕೆಳಗಿಳಿದರೆ ಅದು ಹಗುರ ನಾಣ್ಯ. ಪೂರ್ಣ ಬೆಲೆಗೆ ಸ್ವೀಕರಿಸಬೇಕಾಗಿಲ್ಲ. ಎರಡನೆಯ ದಶಕದ ಗುಂಪಿನ ಸರಾಸರಿ 7.9503, ಮಿತಿಗಿಂತ ಮೇಲೆ. ಸರಾಸರಿಯನ್ನಷ್ಟೇ ಕೇಳಿದರೆ ಗುಂಪು ಪಾಸು. ಈಗ ಮಾನಕ ವಿಚಲನೆ 0.0227 ಸೇರಿಸಿ. ಮಿತಿ ಸರಾಸರಿಯಿಂದ ಅರ್ಧ ವಿಚಲನೆಗಿಂತ ಸ್ವಲ್ಪವೇ ಆಚೆ ಇದೆ. ಗಂಟೆರೇಖೆಯ ಕೋಷ್ಟಕ ತೆರೆದರೆ ನೂರಕ್ಕೆ 29 ನಾಣ್ಯ ಹಗುರ. ಹದಿನೈದು ವರ್ಷದ ಹಿಂದೆ ಅಚ್ಚಾದ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಪವನು ಕೈಯಲ್ಲಿ ಹಿಡಿದು ಬಂದವರಲ್ಲಿ ಹತ್ತರಲ್ಲಿ ಮೂರು ಜನ ಬ್ಯಾಂಕಿನ ತಕ್ಕಡಿಯ ಮುಂದೆ ನಷ್ಟಕ್ಕೆ ಒಳಗಾಗುವವರು. ಮೂರನೆಯ ದಶಕದಲ್ಲಿ ನೂರಕ್ಕೆ 62. ಅತಿ ಹಳೆಯದರಲ್ಲಿ 89. ಉಳಿದ ಹನ್ನೊಂದು, ಸರಾಸರಿ ಅಷ್ಟು ಕೆಳಗಿದ್ದರೂ, ಪೂರ್ಣ ಬೆಲೆಗೆ ನಡೆಯುವಂಥವು. ದೇಶದಾದ್ಯಂತ ಬ್ಯಾಂಕುಗಳಿಂದ ಮಾಹಿತಿ ತರಿಸಿಕೊಂಡು ಜೆವನ್ಸ್ ತಾನೇ ಹೇಳಿದ್ದು, ಚಲಾವಣೆಯ ಸಾವರಿನ್ನುಗಳಲ್ಲಿ ನೂರಕ್ಕೆ ಮೂವತ್ತೊಂದೂವರೆಯಷ್ಟು ಹಗುರ ಎಂದು. ಸವೆದ ಚಿನ್ನದ ನಾಣ್ಯವನ್ನು ಕೈಯಲ್ಲಿದ್ದವರಿಗೆ ನಷ್ಟವಾಗದಂತೆ ಸರ್ಕಾರವೇ ಪೂರ್ಣ ಬೆಲೆಗೆ ಹಿಂತೆಗೆದುಕೊಳ್ಳುವ ಕಾಯ್ದೆಗಳು 1889ರಲ್ಲಿ ಮತ್ತು 1891ರಲ್ಲಿ ಬಂದವು, ಜೆವನ್ಸ್ ತೀರಿಕೊಂಡ ಏಳು ಮತ್ತು ಒಂಬತ್ತು ವರ್ಷಗಳ ನಂತರ.